ಕೆಗ್ಗಿನ ಗ್ಯಾಸ್ ಎಲ್ಲಿ ಸೋರುತ್ತಿದೆ?

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕೇಳುಗರಿಗಾಗಿ ಮಾಡಿದ ಬಾನುಲಿ ಭಾಷಣ)



ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಈ ದೇಶಕ್ಕೆ ಬಂದ ನಮ್ಮವರಲ್ಲೂ ಕೆಲವರಿಗೆ ಹಿಡಿದಿದೆ. ಅಂಥವರು ನಾಲ್ಕು ಜನ ಸೇರಿದ ಕಡೆ ಒಂದು ದೂರು ಕೇಳಿಬರುತ್ತದೆ. "ಕೆಗ್ಗಿನಲ್ಲಿ ಗ್ಯಾಸೇ ನಿಲ್ಲುತ್ತಿಲ್ಲ. ಹೋದ ಶನಿವಾರ ಸಿಲಿಂಡರ್ ತುಂಬಿಸಿಕೊಂಡು ಬಂದೆ. ಈ ಶನಿವಾರ ನೋಡಿದರೆ ಬರಿದು." ಕೆಗ್ಗು ಎಂದರೆ ಬಿಯರ್ ತುಂಬಿಡುವ ಪೀಪಾಯಿ. ಗ್ಯಾಸ್ ಎಂದರೆ ಬಿಯರಿಗೆ ನೊರೆ ಕೊಡುವ ಇಂಗಾಲದ ಡೈಆಕ್ಸೈಡ್. ಇಂದಿನ ನನ್ನ ಮಾತೆಲ್ಲ ಈ ಒಂದು ದೂರಿನ ಬಗ್ಗೆ.

ನಾನು ಹೇಳಬೇಕಾದ ವಿಷಯವೂ ಒಂದೇ. ಸೋರಿಕೆಯನ್ನು ಊಹಿಸಬಾರದು, ಹುಡುಕಬೇಕು. ಹುಡುಕುವುದಕ್ಕೆ ದುಬಾರಿ ಸಲಕರಣೆ ಬೇಡ. ಪಾತ್ರೆ ತೊಳೆಯುವ ಸೋಪಿನ ನೀರು, ಒಂದು ಬಕೆಟ್, ಒಂದು ತೂಕದ ಯಂತ್ರ, ಒಂದು ರಾತ್ರಿಯ ತಾಳ್ಮೆ. ಇಷ್ಟಿದ್ದರೆ ಸಾಕು.

ಮೊದಲು ಕಾನೂನಿನ ಮಾತು. ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳುವುದನ್ನು ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿದ್ದು 1978ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಯ್ದೆಗೆ ಸಹಿ ಹಾಕಿದರು. 1979ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್. ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಅದಕ್ಕೆ ತೆರಿಗೆ ಇಲ್ಲ, ಆದರೆ ಮಾರುವಂತಿಲ್ಲ. ರಾಜ್ಯಗಳ ನಿಯಮ ಬೇರೆ ಬೇರೆ. ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಈ ಮಾತನ್ನು ಊರಿನಲ್ಲಿ ಕೂತು ಕೇಳುತ್ತಿರುವವರು ದಯವಿಟ್ಟು ಗಮನಿಸಬೇಕು. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಕಾನೂನು ಒಪ್ಪಿರುವ ಕಡೆಯ ಹವ್ಯಾಸಿಗಳಿಗೆ.

ಈಗ ಕೆಗ್ಗು ಹೇಗಿರುತ್ತದೆ ಎಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮೊಣಕಾಲಿಗಿಂತ ತುಸು ಎತ್ತರದ ಸ್ಟೇನ್‌ಲೆಸ್ ಸ್ಟೀಲ್ ಪೀಪಾಯಿ. ಅಗಲ ಸುಮಾರು ಒಂದು ಗೇಣು. ಹಿಡಿಸುವುದು 5 ಗ್ಯಾಲನ್, ಅಂದರೆ ಹತ್ತಿರ ಹತ್ತಿರ 19 ಲೀಟರ್. ನೆತ್ತಿಯ ಮೇಲೆ ಮೊಟ್ಟೆಯಾಕಾರದ ಬಾಯಿ. ಆ ಬಾಯಿಗೊಂದು ಮುಚ್ಚಳ. ಮುಚ್ಚಳದ ಆಚೆಗೊಂದು ಈಚೆಗೊಂದು, ಹೆಬ್ಬೆರಳಿನಷ್ಟು ದಪ್ಪದ ಎರಡು ಗಿಡ್ಡ ಕೊಳವೆಗಳು. ಇವಕ್ಕೆ ಪೋಸ್ಟ್ ಎನ್ನುತ್ತಾರೆ. ಒಂದರಿಂದ ಗ್ಯಾಸ್ ಒಳಗೆ ಹೋಗುತ್ತದೆ. ಇನ್ನೊಂದರಿಂದ ಬಿಯರ್ ಹೊರಗೆ ಬರುತ್ತದೆ. ಮುಚ್ಚಳದ ನಡುವೆ ಉಂಗುರವಿರುವ ಒಂದು ಪುಟ್ಟ ಕವಾಟ. ಉಂಗುರ ಎಳೆದರೆ ಒಳಗಿನ ಒತ್ತಡ ಬುಸ್ಸೆಂದು ಇಳಿಯುತ್ತದೆ.

ಈ ಕೆಗ್ಗು ಹುಟ್ಟಿದ್ದು ಬಿಯರಿಗಾಗಿ ಅಲ್ಲ, ತಂಪು ಪಾನೀಯದ ಪಾಕಕ್ಕಾಗಿ. ಮಿನೆಸೋಟಾದ ಕಾರ್ನೀಲಿಯಸ್ ಕಂಪನಿಯ ಹೆಸರು ಅಂಟಿಕೊಂಡು ಇಂದಿಗೂ ಇದನ್ನು ಕಾರ್ನಿ ಕೆಗ್ ಎನ್ನುತ್ತಾರೆ. ಪೆಪ್ಸಿಯವರು ಬಳಸುತ್ತಿದ್ದ ಬಗೆ ಬಾಲ್ ಲಾಕ್. ಕೋಕಾ ಕೋಲಾದವರದು ಪಿನ್ ಲಾಕ್. ಮುಂದೆ ಪಾಕವನ್ನು ರಟ್ಟಿನ ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಸಾಗಿಸುವ ಪದ್ಧತಿ ಬಂತು. ಉಕ್ಕಿನ ಕೆಗ್ಗುಗಳು ಮೂಲೆ ಸೇರಿದವು. ಅವನ್ನು ಕಡಿಮೆ ಬೆಲೆಗೆ ಕೊಂಡವರು ಮನೆಯಲ್ಲಿ ಬಿಯರ್ ಮಾಡುವವರು. ಆದ್ದರಿಂದ ನಿಮ್ಮ ಮನೆಗೆ ಬಂದಿರುವ ಹಳೆಯ ಕೆಗ್ಗು ಎಷ್ಟೋ ವರ್ಷ ದುಡಿದು ಬಂದದ್ದು. ಉಕ್ಕು ಗಟ್ಟಿಯಾಗಿಯೇ ಇರುತ್ತದೆ. ಸವೆದಿರುವುದು ರಬ್ಬರ್.

ಆ ರಬ್ಬರಿನ ಲೆಕ್ಕವನ್ನು ನೆನಪಿಡಿ. ಒಂದು ಕೆಗ್ಗಿನಲ್ಲಿ ಐದು ರಬ್ಬರ್ ಉಂಗುರಗಳಿವೆ. ಇವೇ ಓ ರಿಂಗ್. ಮುಚ್ಚಳಕ್ಕೆ ದೊಡ್ಡದೊಂದು. ಎರಡು ಪೋಸ್ಟುಗಳ ಹೊರಮೈಗೆ ಒಂದೊಂದು. ಪೋಸ್ಟಿನೊಳಗಿಂದ ಇಳಿಯುವ ಕೊಳವೆಗಳ ಕುತ್ತಿಗೆಗೆ ಒಂದೊಂದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನೀಲ್ಸ್ ಕ್ರಿಸ್ಟೆನ್ಸೆನ್ ಎಂಬ ಎಂಜಿನಿಯರಿಗೆ 1939ರಲ್ಲಿ ಓ ರಿಂಗಿನ ಪೇಟೆಂಟ್ ಸಿಕ್ಕಿತು. ಅದರ ಗುಣ ಸರಳ. ತನಗೆಂದು ಕೊರೆದ ಕಾಲುವೆಯಲ್ಲಿ ಅದು ಹಿಸುಕಿಕೊಂಡು ಕೂರುತ್ತದೆ. ಒತ್ತಡ ಬಿದ್ದಷ್ಟೂ ಸಂದಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬಿರುಕು ಬಿಟ್ಟರೆ, ಒಣಗಿ ಗಟ್ಟಿಯಾದರೆ, ಒಂದು ಕೂದಲೆಳೆ ಅಡ್ಡ ಸಿಕ್ಕಿಕೊಂಡರೂ ಆ ಗುಣ ಹೋಯಿತು.

ಇಲ್ಲಿಯವರೆಗೆ ಕೆಗ್ಗು ಹೇಗಿದೆ ಎಂದು ನೋಡಿದೆವು. ಒಂದು ಮುಚ್ಚಳ, ಎರಡು ಪೋಸ್ಟ್, ಐದು ಉಂಗುರ. ಈಗ ಮೊದಲ ಪ್ರಶ್ನೆಗೆ ಬರೋಣ. ನಿಜಕ್ಕೂ ಸೋರುತ್ತಿದೆಯೇ?

ಇದು ವಿಚಿತ್ರವಾದ ಪ್ರಶ್ನೆ ಎನಿಸಬಹುದು. ಆದರೆ ಒತ್ತಡ ಇಳಿದದ್ದೆಲ್ಲ ಸೋರಿಕೆಯಲ್ಲ. ಹೊಸ ಬಿಯರನ್ನು ಕೆಗ್ಗಿಗೆ ತುಂಬಿ, ಗ್ಯಾಸ್ ಕೊಟ್ಟು, ಸಿಲಿಂಡರಿನಿಂದ ಬರುವ ನಳಿಕೆ ತೆಗೆದಿಟ್ಟಿರಿ ಎನ್ನಿ. ಮಾರನೆಯ ದಿನ ಒತ್ತಡ ಇಲ್ಲ. ಗ್ಯಾಸ್ ಹೊರಗೆ ಹೋಗಿಲ್ಲ, ಬಿಯರೇ ಅದನ್ನು ಕುಡಿದಿದೆ.

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್‌ಲಿ ಎಂಬ ಪಾದ್ರಿ, ವಿಜ್ಞಾನಿ, ಒಂದು ಬಿಯರ್ ಕಾರ್ಖಾನೆಯ ನೆರೆಯಲ್ಲಿ ವಾಸವಾಗಿದ್ದರು. ಹುದುಗುವ ತೊಟ್ಟಿಯ ಮೇಲೆ ತಂಗಿದ್ದ ಗಾಳಿಯನ್ನು ನೀರಿನಲ್ಲಿ ಕರಗಿಸಿ ನೋಡಿದರು. ಆ ವಿಧಾನವನ್ನು 1772ರಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದರು. ಸೋಡಾ ನೀರಿನ ಕತೆ ಶುರುವಾದದ್ದು ಹೀಗೆ, ಬಿಯರ್ ತೊಟ್ಟಿಯ ಮೇಲೆ. 1803ರಲ್ಲಿ ವಿಲಿಯಂ ಹೆನ್ರಿ ಎಂಬ ಇನ್ನೊಬ್ಬ ಇಂಗ್ಲಿಷ್ ವಿಜ್ಞಾನಿ ಇದರ ನಿಯಮವನ್ನು ಕಂಡುಕೊಂಡರು. ದ್ರವದ ಮೇಲೆ ಒತ್ತಡ ಹೆಚ್ಚಿದಷ್ಟೂ ಹೆಚ್ಚು ಅನಿಲ ಕರಗುತ್ತದೆ. ದ್ರವ ತಣ್ಣಗಾದಷ್ಟೂ ಇನ್ನೂ ಹೆಚ್ಚು ಕರಗುತ್ತದೆ.

ಲೆಕ್ಕ ಹಾಕಿ ನೋಡೋಣ. ತುಂಬಿದ ಕೆಗ್ಗಿನಲ್ಲಿ ಬಿಯರಿನ ಮೇಲೆ ಒಂದು ಲೀಟರಿನಷ್ಟು ಖಾಲಿ ಜಾಗ ಇರಲಿ. ಅಲ್ಲಿ ಚದರ ಅಂಗುಲಕ್ಕೆ 30 ಪೌಂಡ್, ಅಂದರೆ 30 ಪಿಎಸ್‌ಐ ಒತ್ತಡದಲ್ಲಿ ನಿಲ್ಲುವ ಗ್ಯಾಸ್ ಸುಮಾರು 6 ಗ್ರಾಂ. ಹುದುಗಿ ಮುಗಿದ ಬಿಯರಿಗೆ ಸರಿಯಾದ ನೊರೆ ಬರಲು ಇನ್ನೂ ಬೇಕಾದದ್ದು 60 ಗ್ರಾಂ ಆಸುಪಾಸು. ಆರು ಗ್ರಾಂ ಎಲ್ಲಿಗೆ ಸಾಕು? ರಾತ್ರಿ ಕಳೆಯುವುದರೊಳಗೆ ಒತ್ತಡ ಕುಸಿಯುತ್ತದೆ. ಇದು ದೋಷವಲ್ಲ, ಪ್ರಕೃತಿಯ ನಿಯಮ. ಫ್ರಿಜ್ಜಿನಲ್ಲಿ 3 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕೆಗ್ಗನ್ನು ಇಟ್ಟು, 12 ಪಿಎಸ್‌ಐ ಒತ್ತಡದ ಗ್ಯಾಸನ್ನು ಒಂದೆರಡು ವಾರ ಕೊಡುತ್ತಲೇ ಇರಬೇಕು. ಆಗ ಬಿಯರಿಗೆ ತೃಪ್ತಿಯಾಗುತ್ತದೆ. ಆಮೇಲೂ ಒತ್ತಡ ಇಳಿಯುತ್ತಿದ್ದರೆ ಮಾತ್ರ ಸೋರಿಕೆ ಎನ್ನಿ.

ಹಾಗಾದರೆ ಸಂಶಯವೇ ಬರದಂತೆ ಪರೀಕ್ಷಿಸುವುದು ಹೇಗೆ? ಕೆಗ್ಗನ್ನು ಖಾಲಿ ಇರುವಾಗಲೇ ಪರೀಕ್ಷಿಸಿ. ಖಾಲಿ ಕೆಗ್ಗಿನಲ್ಲಿ ಗ್ಯಾಸ್ ಕುಡಿಯುವವರಿಲ್ಲ. 30 ಪಿಎಸ್‌ಐ ಕೊಡಿ. ನಳಿಕೆ ತೆಗೆಯಿರಿ. ಒತ್ತಡ ಮಾಪಕ ಕೂರಿಸಿದ ಪುಟ್ಟ ಕನೆಕ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಗ್ಯಾಸ್ ಪೋಸ್ಟಿಗೆ ಸಿಕ್ಕಿಸಿ. ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಅದೇ ಕೋಣೆಯಲ್ಲಿ, ಅದೇ ತಾಪಮಾನದಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಳ್ಳು ಅಲ್ಲೇ ಇದ್ದರೆ ಕೆಗ್ಗು ಗಟ್ಟಿ. ಇಳಿದಿದ್ದರೆ ಸೋರಿಕೆ ಖಚಿತ.

ಒತ್ತಡ ಇಳಿದದ್ದೆಲ್ಲ ಸೋರಿಕೆಯಲ್ಲ ಎಂದು ತಿಳಿದೆವು. ಎರಡನೆಯ ಪ್ರಶ್ನೆ ಸಿಲಿಂಡರಿನದು. ಅದು ನಿಜಕ್ಕೂ ಖಾಲಿಯಾಗಿದೆಯೇ?

ಸಿಲಿಂಡರಿನ ಬಾಯಿಗೆ ಕೂರಿಸಿ ಒತ್ತಡ ಇಳಿಸುವ ರೆಗ್ಯುಲೇಟರಿನ ಮೇಲೆ ಸಾಮಾನ್ಯವಾಗಿ ಎರಡು ಮಾಪಕಗಳಿರುತ್ತವೆ. ಒಂದು ಕೆಗ್ಗಿಗೆ ಹೋಗುವ ಒತ್ತಡ ತೋರಿಸುತ್ತದೆ. ಇನ್ನೊಂದು ಸಿಲಿಂಡರಿನೊಳಗಿನ ಒತ್ತಡ. ಈ ಎರಡನೆಯದನ್ನು ಕಾರಿನ ಪೆಟ್ರೋಲ್ ಮುಳ್ಳು ಎಂದು ಎಣಿಸಬೇಡಿ. ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿದೆ. ಒಳಗೆ ದ್ರವ ಉಳಿದಿರುವವರೆಗೂ ಒತ್ತಡ ಬದಲಾಗುವುದು ತಾಪಮಾನಕ್ಕೆ ತಕ್ಕಂತೆ ಮಾತ್ರ. ಕೋಣೆಯ ಬಿಸಿಯಲ್ಲಿ ಸುಮಾರು 800 ಪಿಎಸ್‌ಐ. ಅದೇ ಸಿಲಿಂಡರನ್ನು ಫ್ರಿಜ್ಜಿನೊಳಗೆ ಇಟ್ಟರೆ 550ರ ಆಸುಪಾಸು. ಇದನ್ನು ನೋಡಿ, "ಒಂದೇ ರಾತ್ರಿಗೆ ಮೂರನೇ ಒಂದು ಭಾಗ ಸೋರಿಹೋಯಿತು" ಎಂದು ಗಾಬರಿಯಾಗುವವರಿದ್ದಾರೆ. ಒಂದು ಗ್ರಾಮೂ ಹೋಗಿರುವುದಿಲ್ಲ.

ಸತ್ಯ ಹೇಳುವುದು ತಕ್ಕಡಿ. ಸಿಲಿಂಡರಿನ ಭುಜದ ಮೇಲೆ ಖಾಲಿ ತೂಕವನ್ನು ಅಚ್ಚೊತ್ತಿರುತ್ತಾರೆ. ಟಿ, ಡಬ್ಲ್ಯೂ ಎಂಬ ಎರಡು ಅಕ್ಷರಗಳ ಪಕ್ಕದ ಅಂಕಿ ಅದು. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ತೂಗಿ. ಖಾಲಿ ತೂಕ ಕಳೆಯಿರಿ. ಉಳಿದದ್ದೇ ಗ್ಯಾಸ್. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 5 ಪೌಂಡಿನ ಸಿಲಿಂಡರ್, ಅಂದರೆ ಸುಮಾರು ಎರಡೂಕಾಲು ಕಿಲೋ ಗ್ಯಾಸ್. ಸೋರಿಕೆ ಇಲ್ಲದಿದ್ದರೆ ಹತ್ತು ಕೆಗ್ಗುಗಳಿಗೆ ಧಾರಾಳವಾಗಿ ಬರಬೇಕು. ಎರಡೇ ಕೆಗ್ಗಿಗೆ ಮುಗಿಯುತ್ತಿದ್ದರೆ ಎಲ್ಲೋ ಬಾಯಿ ತೆರೆದಿದೆ. ಗಂಟೆಗೆ ಬರೀ ಒಂದು ಲೀಟರ್ ಗ್ಯಾಸ್ ಹೊರಗೆ ಹೋದರೂ ಎರಡು ತಿಂಗಳೊಳಗೆ ತುಂಬಿದ ಸಿಲಿಂಡರ್ ಬರಿದಾಗುತ್ತದೆ. ಅಷ್ಟು ಸಣ್ಣ ಸೋರಿಕೆ ಕಿವಿಗೆ ಕೇಳಿಸುವುದಿಲ್ಲ.

ಸೋರಿಕೆ ಇದೆ ಎಂದು ಖಚಿತವಾಯಿತು. ತಕ್ಕಡಿಯೂ ಹೌದೆಂದಿತು. ಮೂರನೆಯ ಹೆಜ್ಜೆ, ಎಲ್ಲಿ ಎಂದು ಹುಡುಕುವುದು. ಇಲ್ಲಿ ಬಹಳ ಜನ ಅವಸರಪಡುತ್ತಾರೆ. ಕೈಗೆ ಸಿಕ್ಕ ಭಾಗವನ್ನು ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದರ ಬದಲು ವ್ಯವಸ್ಥೆಯನ್ನು ಎರಡು ಪಾಲು ಮಾಡಿ. ಸಿಲಿಂಡರಿನಿಂದ ನಳಿಕೆಯ ತುದಿಯವರೆಗೆ ಒಂದು ಪಾಲು. ಕೆಗ್ಗು ಇನ್ನೊಂದು ಪಾಲು. ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿ.

ಮೊದಲ ಪಾಲನ್ನು ನೋಡೋಣ. ಕೆಗ್ಗಿನಿಂದ ನಳಿಕೆಯ ತುದಿಯ ಕನೆಕ್ಟರ್ ಕಳಚಿ. ಕನೆಕ್ಟರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಿಲಿಂಡರಿನ ಕವಾಟ ತೆರೆದು ನಳಿಕೆಗೆ ಗ್ಯಾಸ್ ತುಂಬಿ. ಈಗ ಸಿಲಿಂಡರಿನ ಕವಾಟ ಮುಚ್ಚಿ. ರೆಗ್ಯುಲೇಟರಿನ ಹೊರದಾರಿಯಲ್ಲಿರುವ ಸಣ್ಣ ಕವಾಟವನ್ನೂ ಮುಚ್ಚಿ. ಒಂದೆರಡು ಗಂಟೆ ಕಾಯಿರಿ. ಸಿಲಿಂಡರ್ ಕಡೆಯ ಮುಳ್ಳು ಇಳಿದರೆ ಸೋರಿಕೆ ಸಿಲಿಂಡರ್ ಮತ್ತು ರೆಗ್ಯುಲೇಟರಿನ ನಡುವೆ, ಇಲ್ಲವೇ ರೆಗ್ಯುಲೇಟರಿನಲ್ಲೇ ಇದೆ. ಮುಳ್ಳು ನಿಂತಿದ್ದರೆ ಸಣ್ಣ ಕವಾಟ ತೆರೆದು ಮತ್ತೆ ಕಾಯಿರಿ. ಈಗ ಇಳಿಯತೊಡಗಿದರೆ ಸೋರಿಕೆ ಮುಂದೆ ನಳಿಕೆಯಲ್ಲಿದೆ.

ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಒಂದು ಚಪ್ಪಟೆ ವಾಷರ್ ಇರುತ್ತದೆ. ಗ್ಯಾಸನ್ನು ತಡೆಯುವುದು ಆ ವಾಷರ್, ನಟ್ಟಿನ ಮರೆಗಳಲ್ಲ. ಆದ್ದರಿಂದ ಮರೆಗಳಿಗೆ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಪ್ರಯೋಜನವಿಲ್ಲ. ನಾರಿನ ವಾಷರ್ ಒಮ್ಮೆ ಒತ್ತಿಸಿಕೊಂಡರೆ ಆಯಿತು. ಸಿಲಿಂಡರ್ ಬದಲಿಸಿದಾಗಲೆಲ್ಲ ಹೊಸದನ್ನು ಹಾಕಿ, ಸ್ಪ್ಯಾನರಿನಿಂದ ಬಿಗಿ ಮಾಡಿ. ನಳಿಕೆಯಲ್ಲಿ ಸೋರಿಕೆ ಎಂದು ತಿಳಿದರೆ ಅದರ ತುದಿಗಳನ್ನು ಒಂದೊಂದಾಗಿ ನೀರು ತುಂಬಿದ ಬಕೆಟ್ಟಿನಲ್ಲಿ ಅದ್ದಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಹೆಚ್ಚಿನ ಸಲ ಅದು ಸಡಿಲವಾದ ಕ್ಲಿಪ್ಪಾಗಿರುತ್ತದೆ. ಸ್ಕ್ರೂ ಡ್ರೈವರಿನ ಒಂದು ಸುತ್ತಿಗೆ ಸರಿಹೋಗುತ್ತದೆ.

ಮೊದಲ ಪಾಲು ಮುಗಿಯಿತು. ಸಿಲಿಂಡರ್, ವಾಷರ್, ನಳಿಕೆ, ಕ್ಲಿಪ್ಪು. ಇವೆಲ್ಲ ಸರಿಯಿದ್ದೂ ಗ್ಯಾಸ್ ಹೋಗುತ್ತಿದ್ದರೆ ತಪ್ಪು ಕೆಗ್ಗಿನದು. ಈಗ ಎರಡನೆಯ ಪಾಲಿಗೆ ಬರೋಣ. ಅಲ್ಲಿ ಮೊದಲು ನೋಡಬೇಕಾದದ್ದು ಮುಚ್ಚಳ.

ಕೆಗ್ಗಿನ ಮುಚ್ಚಳ ಹೊರಗಿನಿಂದ ಕೂರುವುದಿಲ್ಲ. ನಮ್ಮ ಮನೆಗಳ ಹಾಕಿನ್ಸ್ ಕುಕ್ಕರಿನ ಮುಚ್ಚಳದ ಹಾಗೆ ಒಳಗೆ ಇಳಿದು, ಓರೆಯಾಗಿ ತಿರುಗಿ, ಕೆಳಗಿನಿಂದ ಮೇಲಕ್ಕೆ ಬಾಯಿಯ ಅಂಚಿಗೆ ಒತ್ತಿಕೊಳ್ಳುತ್ತದೆ. ಮೇಲಿನ ತಂತಿಯ ಹಿಡಿಕೆ ಅದನ್ನು ಎಳೆದು ಹಿಡಿಯುತ್ತದೆ, ಅಷ್ಟೆ. ನಿಜವಾಗಿ ಮುಚ್ಚುವುದು ಒಳಗಿನ ಒತ್ತಡ. 30 ಪಿಎಸ್‌ಐ ಒತ್ತಡದಲ್ಲಿ ಆ ಸಣ್ಣ ಮುಚ್ಚಳವನ್ನು ಮೇಲಕ್ಕೆ ಒತ್ತುವ ಬಲ ನೂರು ಕಿಲೋ ತೂಕಕ್ಕೂ ಮಿಗಿಲು. ಒತ್ತಡ ಕಡಿಮೆ ಇದ್ದಾಗ ರಬ್ಬರ್ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಆದ್ದರಿಂದಲೇ 5 ಪಿಎಸ್‌ಐ ಕೊಟ್ಟಾಗ ಸೋರುವ ಮುಚ್ಚಳ 30 ಕೊಟ್ಟಾಗ ಸೋರದೆ ನಿಲ್ಲುತ್ತದೆ.

ಇದರಿಂದ ಒಂದು ಪಾಠ ಸಿಗುತ್ತದೆ. ಕೆಗ್ಗು ಮುಚ್ಚಿದ ಕೂಡಲೇ ಒಮ್ಮೆ 30 ಪಿಎಸ್‌ಐ ಕೊಡಿ. ಮುಚ್ಚಳವನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿದುಕೊಂಡೇ ಗ್ಯಾಸ್ ಬಿಡಿ. ಉಂಗುರ ಅಂಚಿಗೆ ಕೂತ ಮೇಲೆ ಒತ್ತಡವನ್ನು ಬೇಕಾದಷ್ಟಕ್ಕೆ ಇಳಿಸಬಹುದು. ಹಾಗೂ ನಿಲ್ಲದಿದ್ದರೆ ಎಲ್ಲ ಒತ್ತಡ ಬಿಟ್ಟು ಮುಚ್ಚಳವನ್ನು ತೆಗೆದು, ಹಿಂದು ಮುಂದಾಗಿ ತಿರುಗಿಸಿ ಕೂರಿಸಿ. ಹಳೆಯ ಕೆಗ್ಗುಗಳ ಅಂಚು ಎಲ್ಲೋ ತಟ್ಟಿ ತುಸು ಬಾಗಿರುತ್ತದೆ. ಒಂದು ದಿಕ್ಕಿಗೆ ಹೊಂದದ ಮುಚ್ಚಳ ಇನ್ನೊಂದು ದಿಕ್ಕಿಗೆ ಹೊಂದುವುದುಂಟು. ಅದಕ್ಕೂ ಬಗ್ಗದಿದ್ದರೆ ಮೆದುವಾದ ಉಂಗುರ ಹಾಕಿ.

ಮುಚ್ಚಳದ ನಡುವಿನ ಕವಾಟವನ್ನು ಮರೆಯಬೇಡಿ. ಒಣಗಿದ ಬಿಯರ್ ಅಂಟಿ ಅದು ಅರೆಬಾಯಿ ತೆರೆದು ನಿಲ್ಲುತ್ತದೆ. ಉಂಗುರವನ್ನು ಒಂದೆರಡು ಸಲ ಎಳೆದು ಬಿಡಿ. ಆಗಲೂ ಗುಳ್ಳೆ ಬರುತ್ತಿದ್ದರೆ ಒತ್ತಡವೆಲ್ಲ ಇಳಿದ ಮೇಲೆ ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ ತೊಳೆಯಿರಿ.

ಮುಚ್ಚಳವನ್ನು ನೋಡಿದೆವು. ಒತ್ತಡ ಕೊಟ್ಟು ಕೂರಿಸಬೇಕು, ತಿರುಗಿಸಿ ನೋಡಬೇಕು, ಕವಾಟ ತೊಳೆಯಬೇಕು. ಇನ್ನು ಉಳಿದದ್ದು ಪೋಸ್ಟುಗಳು. ಹುಡುಕಾಟದ ಅತ್ಯಂತ ಸ್ವಾರಸ್ಯದ ಭಾಗ ಇದೇ.

ಸೋಪಿನ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ಕೆಗ್ಗಿಗೆ ಒತ್ತಡ ಕೊಟ್ಟು ಪೋಸ್ಟಿನ ಮೇಲೆ ಸಿಂಪಡಿಸಿ. ಗಾಳಿ ಆಡದ ಜಾಗದಲ್ಲಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಗುಳ್ಳೆ ಎಲ್ಲಿ ಏಳುತ್ತದೆ ಎಂಬುದರ ಮೇಲೆ ಯಾವ ಭಾಗ ಕೆಟ್ಟಿದೆ ಎಂದು ಹೇಳಿಬಿಡಬಹುದು. ಮೂರು ಜಾಗ, ಮೂರು ಕಾರಣ.

ಒಂದು, ಕನೆಕ್ಟರ್ ಹಾಕದೇ ಇರುವಾಗ ಪೋಸ್ಟಿನ ನಡುಮಧ್ಯದ ತೂತಿನಲ್ಲಿ ಗುಳ್ಳೆ. ಅಂದರೆ ಒಳಗಿನ ಸ್ಪ್ರಿಂಗಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಇದಕ್ಕೆ ಪಾಪೆಟ್ ಎನ್ನುತ್ತಾರೆ. ಬೆರಳಿನಿಂದಲ್ಲ, ಸ್ವಚ್ಛವಾದ ಕಡ್ಡಿಯಿಂದ ಒಮ್ಮೆ ಒತ್ತಿ ಬಿಟ್ಟರೆ ಕೆಲವು ಸಲ ಕೂತುಕೊಳ್ಳುತ್ತದೆ. ಇಲ್ಲದಿದ್ದರೆ ಬಿಚ್ಚಿ ತೊಳೆಯಬೇಕು, ಅಥವಾ ಬದಲಿಸಬೇಕು.

ಎರಡು, ಕನೆಕ್ಟರ್ ಹಾಕಿದಾಗ ಮಾತ್ರ ಅದರ ಸುತ್ತ ಗುಳ್ಳೆ. ತೆಗೆದರೆ ಇಲ್ಲ. ಅಂದರೆ ಪೋಸ್ಟಿನ ಹೊರಮೈಯ ಉಂಗುರ ಸವೆದಿದೆ. ಇದು ಎಲ್ಲಕ್ಕಿಂತ ಸುಲಭ. ಹಳೆಯದನ್ನು ಕಿತ್ತು ಹೊಸದನ್ನು ಏರಿಸಿದರೆ ಮುಗಿಯಿತು.

ಮೂರು, ಕನೆಕ್ಟರ್ ಹಾಕಿದರೂ ತೆಗೆದರೂ ಪೋಸ್ಟಿನ ಬುಡದಲ್ಲಿ, ಕೆಗ್ಗಿನ ಮೈಗೆ ಸೇರುವ ಕಡೆ ಗುಳ್ಳೆ. ಅಂದರೆ ಒಳಗಿನ ಕೊಳವೆಯ ಕುತ್ತಿಗೆಯ ಉಂಗುರ ಕೆಟ್ಟಿದೆ. ಇದು ಹೊರಗಿನಿಂದ ಕಾಣದು. ಪೋಸ್ಟನ್ನೇ ಬಿಚ್ಚಬೇಕು. ಆದ್ದರಿಂದಲೇ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ದಾವಣಗೆರೆ ಕಡೆಯಿಂದ ಇಲ್ಲಿಗೆ ಬಂದ ಒಬ್ಬ ಯುವಕರ ಗ್ಯಾರೇಜಿನಲ್ಲಿ ಇಂಥದ್ದೇ ಕೆಗ್ಗನ್ನು ನೋಡಿದ ನೆನಪು. "ಸರ್, ಮುಚ್ಚಳದ ರಿಂಗ್ ಎರಡು ಸಲ ಬದಲಾಯಿಸಿದ್ದಾಯ್ತು, ಈಗ ಹೊಸ ರೆಗ್ಯುಲೇಟರ್ ತರೋಣ ಅಂತಿದೀನಿ" ಎಂದರು. "ಇರಿ, ಮೊದಲು ಸೋಪಿನ ನೀರು ಹಾಕಿ ನೋಡೋಣ" ಎಂದೆ. ಮುಚ್ಚಳದ ಸುತ್ತ ಒಂದು ಗುಳ್ಳೆಯೂ ಏಳಲಿಲ್ಲ. ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬಿಳಿಯ ನೊರೆ ಕಾಣಿಸಿತು. ನೋಡುತ್ತಿದ್ದಂತೆ ಅದು ನಿಧಾನವಾಗಿ ಹಿಗ್ಗಿತು, ಪಕ್ಕಕ್ಕೆ ಹರಡಿತು. ಒತ್ತಡ ಇಳಿಸಿ ಪೋಸ್ಟ್ ಬಿಚ್ಚಿದೆವು. ಒಳಗಿನ ಉಂಗುರ ಕೊಳವೆಗೆ ಅಂಟಿಕೊಂಡಿತ್ತು. ಅದರ ಮೇಲೆ ಉಗುರು ಆಡಿಸಿದರೆ ಒಂದು ಕಡೆ ಸಣ್ಣ ಸೀಳು ತಡೆಯಿತು. ಹಳೆಯ ಪಾನೀಯದ ಸಿಹಿ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸ ಉಂಗುರಕ್ಕೆ ಒಂದು ಡಾಲರೂ ಆಗಲಿಲ್ಲ. ರೆಗ್ಯುಲೇಟರ್ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ನಾನು ಊಹೆ ಬೇಡ ಎನ್ನುವುದು ಇದಕ್ಕಾಗಿಯೇ.

ಪೋಸ್ಟ್ ಬಿಚ್ಚುವಾಗ ಒಂದು ಎಚ್ಚರ. ಗ್ಯಾಸ್ ಪೋಸ್ಟು, ಬಿಯರ್ ಪೋಸ್ಟು ನೋಡಲು ಒಂದೇ ಥರ ಇದ್ದರೂ ಒಂದೇ ಅಲ್ಲ. ಬಾಲ್ ಲಾಕ್ ಕೆಗ್ಗಿನಲ್ಲಿ ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಪಿನ್ ಲಾಕ್ ಕೆಗ್ಗಿನಲ್ಲಿ ಗ್ಯಾಸ್ ಪೋಸ್ಟಿಗೆ ಎರಡು ಪಿನ್ನು, ಬಿಯರ್ ಪೋಸ್ಟಿಗೆ ಮೂರು. ಕನೆಕ್ಟರುಗಳಲ್ಲಿ ಸಾಮಾನ್ಯವಾಗಿ ಬೂದು ಬಣ್ಣದ್ದು ಗ್ಯಾಸಿಗೆ, ಕಪ್ಪು ಬಣ್ಣದ್ದು ಬಿಯರಿಗೆ. ಅದಲು ಬದಲು ಮಾಡಿ ಬಲವಂತವಾಗಿ ಒತ್ತಿದರೆ ಸಿಕ್ಕಿಕೊಳ್ಳುತ್ತದೆ, ಉಂಗುರವೂ ಹರಿಯುತ್ತದೆ. ಬಿಚ್ಚಿದ ಭಾಗಗಳನ್ನು ಎರಡು ಬೇರೆ ಬಟ್ಟಲುಗಳಲ್ಲಿ ಇಟ್ಟುಕೊಳ್ಳಿ.

ಪೋಸ್ಟಿನ ಮೂರು ಗುರುತು ತಿಳಿದೆವು. ನಡುವೆ ಗುಳ್ಳೆ ಬಂದರೆ ಪಾಪೆಟ್. ಕನೆಕ್ಟರಿನ ಸುತ್ತ ಬಂದರೆ ಹೊರ ಉಂಗುರ. ಬುಡದಲ್ಲಿ ಬಂದರೆ ಒಳ ಉಂಗುರ. ಇನ್ನು ಉಂಗುರಗಳ ಆರೈಕೆಯ ಮಾತು.

ಹಳೆಯ ಕೆಗ್ಗು ಕೊಂಡರೆ ಐದು ಉಂಗುರಗಳನ್ನೂ ಒಟ್ಟಿಗೇ ಬದಲಿಸಿ. ಪಾಕದ ವಾಸನೆ ಹಿಡಿದ ರಬ್ಬರ್ ಬಿಯರಿನ ರುಚಿಯನ್ನೂ ಕೆಡಿಸುತ್ತದೆ. ಉಂಗುರ ಹಾಕುವ ಮುನ್ನ ಅದಕ್ಕೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಜಿಡ್ಡನ್ನು ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ. ಅದು ಪೆಟ್ರೋಲಿಯಂನಿಂದ ಬಂದದ್ದು. ಕೆಲವು ಬಗೆಯ ರಬ್ಬರ್ ಅದರಿಂದ ಊದಿಕೊಂಡು ಹಾಳಾಗುತ್ತದೆ. ಇನ್ನೊಂದು ಮಾತು. ರಬ್ಬರ್ ತಂಪಿಗೆ ಬಿರುಸಾಗುತ್ತದೆ. ಹೊರಗೆ ಸೋರದ ಕೆಗ್ಗು ಫ್ರಿಜ್ಜಿನೊಳಗೆ ಸೋರಬಹುದು. ಆದ್ದರಿಂದ ಕೆಗ್ಗು ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಸೋಪಿನ ನೀರು ಹಾಕಿ ನೋಡಿ. ಬಿಯರಿಗೆ ಗ್ಯಾಸ್ ಪೂರ್ತಿ ಹಿಡಿದ ಮೇಲೆ, ಬಡಿಸದ ಹೊತ್ತಿನಲ್ಲಿ ಸಿಲಿಂಡರ್ ಮುಚ್ಚಿಡುವುದನ್ನು ರೂಢಿ ಮಾಡಿಕೊಳ್ಳಿ. ಆಗ ಎಲ್ಲೋ ಸೋರಿದರೂ ಹೋಗುವುದು ಒಂದು ಕೆಗ್ಗಿನ ಗ್ಯಾಸ್ ಮಾತ್ರ, ಇಡೀ ಸಿಲಿಂಡರಿನದಲ್ಲ.

ಕೊನೆಯ ವಿಷಯ ಸುರಕ್ಷತೆ. ಹಣ ಉಳಿಸುವ ಮಾತಿಗಿಂತ ಇದು ದೊಡ್ಡದು. ದಯವಿಟ್ಟು ಗಮನವಿಟ್ಟು ಕೇಳಿ.

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ತಗ್ಗಿನಲ್ಲಿ ತಂಗುತ್ತದೆ. 5 ಪೌಂಡಿನ ಸಿಲಿಂಡರಿನಿಂದ ಹೊರಬರುವ ಗ್ಯಾಸ್ ಸಾವಿರ ಲೀಟರಿಗೂ ಹೆಚ್ಚು. ನೆಲಮಾಳಿಗೆಯ ಸಣ್ಣ ಮುಚ್ಚಿದ ಕೋಣೆಯಲ್ಲಿ ಅಷ್ಟೂ ಸೋರಿದರೆ ಅಲ್ಲಿ ಉಸಿರಾಡುವುದು ಅಪಾಯ. ಕೆಗ್ಗುಗಳನ್ನಿಡುವ ಪೆಟ್ಟಿಗೆಯಾಕಾರದ ದೊಡ್ಡ ಫ್ರೀಜರಿನೊಳಗೆ ಸೋರಿಕೆ ಇದೆ ಎಂದು ಅನುಮಾನ ಬಂದರೆ ತಲೆ ಒಳಗೆ ಹಾಕಿ ಹುಡುಕಬೇಡಿ. ಮೊದಲು ಸಿಲಿಂಡರ್ ಮುಚ್ಚಿ. ಬಾಗಿಲು, ಕಿಟಕಿ ತೆರೆದಿಡಿ. ಗಾಳಿಯಾಡಲು ಬಿಡಿ. ಕೆಗ್ಗನ್ನು ಹೊರಗೆ ತಂದು ಪರೀಕ್ಷಿಸಿ. ತಲೆನೋವು, ಏದುಸಿರು, ತಲೆ ಸುತ್ತು ಬಂದರೆ ಎಲ್ಲವನ್ನೂ ಬಿಟ್ಟು ಬಯಲಿಗೆ ಬನ್ನಿ. ಅಂಥ ಕೋಣೆಯಲ್ಲಿ ಚಿಕ್ಕ ಮಕ್ಕಳನ್ನು ಆಡಲು ಬಿಡಬೇಡಿ.

ಒತ್ತಡ ಪೂರ್ತಿ ಇಳಿಸದೆ ಮುಚ್ಚಳವನ್ನೂ ಪೋಸ್ಟನ್ನೂ ಬಿಚ್ಚಬೇಡಿ. ಮುಚ್ಚಳವನ್ನು ನೂರು ಕಿಲೋಗೂ ಮಿಗಿಲಾದ ಬಲ ಒತ್ತುತ್ತಿರುತ್ತದೆ ಎಂದು ಆಗಲೇ ಹೇಳಿದೆ. ಪೋಸ್ಟ್ ಸಡಿಲವಾದರೆ ಅದೇ ಒತ್ತಡ ಅದನ್ನು ಮುಖದ ಕಡೆಗೆ ಎಸೆಯುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಸರಪಣಿ ಅಥವಾ ಪಟ್ಟಿ ಕಟ್ಟಿ. ಅದರ ಭುಜದ ಮೇಲೆ ಪರೀಕ್ಷೆಯ ತಾರೀಖು ಇರುತ್ತದೆ. ಅಮೆರಿಕದಲ್ಲಿ ಈ ಸಿಲಿಂಡರುಗಳನ್ನು 5 ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಬೇಕು. ತಾರೀಖು ಮೀರಿದ್ದನ್ನು ತುಂಬಿಸಿಕೊಳ್ಳಬೇಡಿ.

ಕೇಳುಗರೇ, ಹೇಳಿದ್ದನ್ನೆಲ್ಲ ಒಮ್ಮೆ ಒಟ್ಟುಗೂಡಿಸುತ್ತೇನೆ. ಮೊದಲು, ಅದು ಸೋರಿಕೆಯೋ, ಬಿಯರ್ ಗ್ಯಾಸ್ ಕುಡಿದದ್ದೋ ತಿಳಿಯಿರಿ. ಆಮೇಲೆ ಸಿಲಿಂಡರ್ ತೂಗಿ. ವ್ಯವಸ್ಥೆಯನ್ನು ಎರಡು ಪಾಲು ಮಾಡಿ. ನಳಿಕೆಯ ಪಾಲಿನಲ್ಲಿ ವಾಷರ್ ಮತ್ತು ಕ್ಲಿಪ್ಪು ನೋಡಿ. ಕೆಗ್ಗಿನ ಪಾಲಿನಲ್ಲಿ ಮುಚ್ಚಳ, ಕವಾಟ, ಪೋಸ್ಟುಗಳನ್ನು ನೋಡಿ. ಗುಳ್ಳೆ ಕಂಡ ಭಾಗವನ್ನು ಮಾತ್ರ ಬದಲಿಸಿ. ಬದಲಿಸಿದ ಮೇಲೆ ಮತ್ತೆ ಪರೀಕ್ಷಿಸಿ, ಏಕೆಂದರೆ ಒಂದೇ ಕೆಗ್ಗಿನಲ್ಲಿ ಎರಡು ಕಡೆ ಸೋರಿಕೆ ಇರುವುದೂ ಉಂಟು.

ಈ ಕ್ರಮವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಯಲ್ಲಿ ಬಿಯರ್ ಮಾಡುವುದು ಬಹಳ ದಿನಗಳ ಕೆಲಸ. ಬಾರ್ಲಿ ಬೇಯಿಸಿ, ಹಾಪ್ಸ್ ಹಾಕಿ, ಯೀಸ್ಟ್ ಬೆರೆಸಿ, ವಾರಗಟ್ಟಲೆ ಕಾದು ಪಡೆದದ್ದನ್ನು ಒಂದು ರಬ್ಬರ್ ಉಂಗುರ ಸಪ್ಪೆ ಮಾಡಬಾರದು. ತನ್ನ ಕೈಯ ಸಾಮಾನನ್ನು ತಾನೇ ಬಿಚ್ಚಿ, ತಿಳಿದು, ಸರಿಮಾಡಿಕೊಳ್ಳುವುದರಲ್ಲಿ ಈ ಹವ್ಯಾಸದ ಅರ್ಧ ಸಂತೋಷವಿದೆ. ಎಸೆದು ಹೊಸದು ತರುವ ಅಭ್ಯಾಸ ಸುಲಭವಾಗಿ ಅಂಟುವ ನಾಡಿನಲ್ಲಿ ನಾವಿದ್ದೇವೆ. ಹೊಸ ಉಂಗುರ ಹಾಕಿಕೊಂಡರೆ ಉಕ್ಕಿನ ಕೆಗ್ಗು ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಐದು ಉಂಗುರಗಳ ಒಂದು ಸೆಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಬಿಯರ್ ತುಂಬುವ ಹಿಂದಿನ ರಾತ್ರಿ ಖಾಲಿ ಕೆಗ್ಗಿಗೆ 30 ಪಿಎಸ್‌ಐ ಒತ್ತಡ ಕೊಟ್ಟು ಇಡಿ. ಬೆಳಿಗ್ಗೆ ಮುಳ್ಳು ನೋಡಿ. ಅದು ಇಳಿದಿದ್ದರೆ ಅಂಗಡಿಗೆ ಓಡುವ ಮೊದಲು ಸೋಪಿನ ನೀರು ಕೈಗೆತ್ತಿಕೊಳ್ಳಿ.